ಅಳಿಯನ ಪಾಲಿನ ಕೋಳಿ

ಸೆಪ್ಟೆಂಬರ್ 5, ಬೆಳಗ್ಗೆ

ಆರು ಗಂಟೆಗೇ ಅಡುಗೆಮನೆ ಬಾಗಿಲು ಕುಟ್ಟಿದಳು ಸುಂದೊಕ್. ಕೊಕ್ಕಿನಲ್ಲಿ ಟಕ್ ಟಕ್ ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್ ಟಕ್. ಪೋಸ್ಟ್‌ಮನ್ ಕೂಡ ಇಷ್ಟು ಹಕ್ಕಿನಿಂದ ಬಾಗಿಲು ತಟ್ಟುವುದಿಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದಾರೆ, ಬಂದಿಲ್ಲ ಅಂತ ನಿನ್ನೆಯೂ ಹೇಳಿದ್ದೆ. ಇವತ್ತೂ ಹೇಳಿದೆ. ಐವತ್ತರ ಹತ್ತಿರದ ಗಂಡಸು ಕೋಳಿಗೆ ಸಮಜಾಯಿಷಿ ಕೊಡುವುದು... ಯಾರೂ ನೋಡಲಿಲ್ಲ, ಸದ್ಯ.

ಬಾರ್ಲಿ ಅನ್ನ ಹಾಕಿದೆ. ನನ್ನ ಮುಖ ನೋಡಿದಳು. ನನ್ನ ಬೆನ್ನ ಹಿಂದೆ ಇನ್ಯಾರಾದರೂ ಇದ್ದಾರಾ ಅಂತ ಕತ್ತು ಓರೆ ಮಾಡಿ ನೋಡಿದಳು. ಇಲ್ಲ ಅಂತ ಖಾತ್ರಿ ಆದ ಮೇಲೆ ತಿಂದಳು.

ಸುಂಚೊನ್ ಆಸ್ಪತ್ರೆಯಿಂದ ಹೆಂಡತಿ ಮಿರಾನ್ ಫೋನ್. ಅವಳ ಅಮ್ಮನ ಸೊಂಟಕ್ಕೆ ಹಾಕಿದ ರಾಡ್ ಸರಿಯಾಗಿ ಕೂತಿದೆಯಂತೆ. ರೋಗಿಯ ಮಂಚದ ಕೆಳಗಿಂದ ಎಳೆಯುವ ಗಿಡ್ಡ ಮಂಚದ ಮೇಲೆ ಮಲಗಿ ಇವಳ ಸೊಂಟವೇ ಹೋಗಿದೆಯಂತೆ. ಚುಸೊಕ್ ಹುಣ್ಣಿಮೆ ಹಬ್ಬಕ್ಕೆ ಮೊದಲು ಮನೆಗೆ ಬಿಡುತ್ತಾರೆ. ಅಲ್ಲಿಯವರೆಗೆ ಮನೆ, ಗ್ಯಾರೇಜು, ಕೋಳಿ, ಮೂರೂ ನನ್ನ ತಲೆಗೆ.

ಆಮೇಲೆ ಅತ್ತೆ ಫೋನ್ ಇಸಕೊಂಡರು. ನಾನು ಊಟ ಮಾಡಿದೆನಾ ಅಂತ ಕೇಳಿದರು. ಉತ್ತರ ಮುಗಿಯುವ ಮೊದಲೇ, ಸುಂದೊಕ್‌ಗೆ ಫೋನ್ ಕೊಡಿ ಅಂದರು. ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ. 'ಕೂ ಕೂ ಕೂ' ಅಂತ ಅತ್ತೆ ಅಲ್ಲಿಂದ. ಇವಳು ಫೋನಿನ ಸುತ್ತ ಎರಡು ಸುತ್ತು ಬಂದು, ಹೊಟ್ಟೆಯೊಳಗಿಂದ ಏನೋ ದೂರು ಹೇಳಿದ ಹಾಗೆ ಕೊರಕೊರ ಅಂದಳು. ಅತ್ತೆ ಹೂಂ, ಹೌದಾ, ಆಮೇಲೆ ಅಂತ ಕೇಳಿಸಿಕೊಂಡರು. ನನ್ನ ಬಗ್ಗೆಯೇ ಚಾಡಿ ಇರಬೇಕು.

ಸೆಪ್ಟೆಂಬರ್ 7

ಊರಿನ ರೈತ ಮಾ ಅಣ್ಣ ರಿಪೇರಿಗೆ ಕಟಾವು ಮೆಷೀನ್ ತಂದ. ಬೆಲ್ಟ್ ಹರಿದಿದೆ. ಕೆಲಸ ಒಂದು ಗಂಟೆಯದು, ಅವನ ಮಾತು ಮೂರು ಗಂಟೆಯದು.

'ಅತ್ತೆ ಆಸ್ಪತ್ರೇಲಿ, ಹೆಂಡ್ತಿ ಆಸ್ಪತ್ರೇಲಿ, ಕೋಳಿ ಅಂಗಳದಲ್ಲಿ. ಇದೇ ಛಾನ್ಸು ಕಣಯ್ಯ ಪ್ಯೋ. ನಿನ್ ಪಾಲಿನ ಕೋಳಿ ನೀನೇ ತಿಂದ್ಬಿಡು.'

ಹಳೇ ಜೋಕು. ಮದುವೆ ಮಾತಿಗೆ ಮೊದಲ ಸಲ ಬಂದ ಅಳಿಯನಿಗೆ ಅತ್ತೆ ಮನೆಯ ಮೊಟ್ಟೆ ಇಡುವ ಕೋಳಿ ಕೊಯ್ದು ಬೇಯಿಸಿ ಹಾಕಬೇಕು. ಈ ಕಡೆಯ ಪದ್ಧತಿ, ಎಲ್ಲ ಮನೆಯಲ್ಲೂ ಇದೆ. ನಾನು ಬಂದ ದಿನ ಕೋಳಿ ಅಂಗಳದಲ್ಲಿ ಓಡಾಡುತ್ತಿತ್ತು, ನನ್ನ ಬಟ್ಟಲಲ್ಲಿ ಹೊಳೆ ಚಿಪ್ಪಿನ ಸಾರು ಇತ್ತು. ಕೋಳಿ ಕಾವು ಕೂತಿದೆ ಅಂದರು ಅತ್ತೆ. ಕಾವು ಕೂತ ಕೋಳಿ ಅಂಗಳ ಸುತ್ತುತ್ತದಾ? ನನ್ನ ಉಗುರಿನ ಸಂದಿಯ ಗ್ರೀಸ್ ನೋಡಿಯೇ ಕೋಳಿ ಉಳಿಯಿತು ಅಂತ ನಾನು ತಿಳಿದೆ. ಈಗಲೂ ಹಾಗೇ ತಿಳಿದಿದ್ದೇನೆ. ಅಂದಿನ ಕೋಳಿಯ ಮೊಮ್ಮಗಳ ಮಗಳೋ ಏನೋ ಈ ಸುಂದೊಕ್. ಊರಿನವರ ಪ್ರಕಾರ ಮನೆಯಲ್ಲಿ ಅವಳದು ಎರಡನೇ ಸ್ಥಾನ, ನನ್ನದು ನಾಲ್ಕನೆಯದು. ಮೂರನೆಯದು ಯಾರದು ಅಂತ ಕೇಳಿದರೆ ಖಾಲಿ ಇದೆ ಅನ್ನುತ್ತಾರೆ.

ನಗುತ್ತೇನೆ. ಒಳಗೆ ಸ್ವಲ್ಪ ಚುಚ್ಚುತ್ತದೆ, ಇಷ್ಟು ವರ್ಷ ಆದರೂ.

ಸೆಪ್ಟೆಂಬರ್ 10, ಭಾನುವಾರ

ಗುಡ್ಡ ಹತ್ತಿ ಮಾವನ ಗೋರಿಯ ದುಂಡು ಮಣ್ಣುದಿಬ್ಬದ ಹುಲ್ಲು ಸವರಿ ಬಂದೆ. ಹಬ್ಬಕ್ಕೆ ಮೊದಲು ಆಗಬೇಕಾದ ಕೆಲಸ. ಗಂಡುಮಕ್ಕಳಿಲ್ಲದ ಮನೆ, ನಾನೇ ಮಾಡಬೇಕು. ಮಾವನನ್ನು ನೋಡಿದವನೇ ಅಲ್ಲ ನಾನು, ಆದರೂ ಅವರ ತಲೆ ಬೋಳಿಸುವ ಹಕ್ಕು ನನ್ನದೇ. ಈ ವರ್ಷ ಹುಲ್ಲು ಮೊಣಕಾಲುದ್ದ. ಕತ್ತರಿಸುವ ಮೆಷೀನ್ ಎರಡು ಸಲ ಬಿಸಿಯಾಗಿ ನಿಂತಿತು.

ಎಳೆಯ ಹುಲ್ಲು ಕಂಡು ಗೊಬ್ಬರದ ಚೀಲದಲ್ಲಿ ಅರ್ಧ ತುಂಬಿಕೊಂಡು ಬಂದೆ. ಸುಂದೊಕ್‌ಗೆ. ಅಂಗಳದಲ್ಲಿ ಸುರಿದದ್ದೇ ತಡ, ಮುಗಿಬಿದ್ದಳು. ಉದ್ದುದ್ದ ಎಳೆಗಳನ್ನು ಕತ್ತು ಮೇಲೆತ್ತಿ ಮೇಲೆತ್ತಿ ನುಂಗಿದಳು. ನನ್ನ ಕೈಯಿಂದ ಏನಾದರೂ ಇಷ್ಟು ಖುಷಿಯಾಗಿ ತಿಂದದ್ದು ಇದೇ ಮೊದಲು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಒಳ್ಳೆಯ ಸಂಜೆ.

ಫೋನಿನಲ್ಲಿ ಅತ್ತೆಗೆ ಹೇಳಿದೆ, ಮಾವನ ಕಡೆಯಿಂದ ಸುಂದೊಕ್‌ಗೆ ಹಬ್ಬದೂಟ ಬಂದಿದೆ ಅಂತ. ಅತ್ತೆ ನಕ್ಕರು. ಆಪರೇಶನ್ ಆದ ಮೇಲೆ ನಕ್ಕದ್ದು ಮೊದಲ ಸಲ ಅಂದಳು ಮಿರಾನ್.

ಸೆಪ್ಟೆಂಬರ್ 12, ಬೆಳಗ್ಗೆ

ಬಾಗಿಲು ಕುಟ್ಟಲಿಲ್ಲ.

ಗೂಡಿನ ಮೂಲೆಯಲ್ಲಿ ನಿಂತಿದ್ದಾಳೆ. ಕತ್ತನ್ನು ಹಾವಿನ ಹಾಗೆ ಉದ್ದ ಮಾಡಿ, ಸೊಟ್ಟ ತಿರುಗಿಸಿ, ಏನೋ ನುಂಗಲು ಒದ್ದಾಡುವ ಹಾಗೆ. ಎತ್ತಿಕೊಂಡೆ. ಎದೆಯ ಮೇಲೆ ಬಲಗಡೆ ಉಂಡೆ ಕೈಗೆ ಸಿಕ್ಕಿತು. ಪರ್ಸಿಮನ್ ಹಣ್ಣಿನ ಹಸಿ ಕಾಯಿಯಷ್ಟು ದೊಡ್ಡದು, ಅಷ್ಟೇ ಗಟ್ಟಿ. ಗಡ್ಡೆ ಅಂತ ಹೆದರಿದೆ. ಯೂಟ್ಯೂಬ್ ನೋಡಿದ ಮೇಲೆ ಗೊತ್ತಾಯಿತು. ಅದು ಮೇವಿನ ಚೀಲ. ತಿಂದದ್ದೆಲ್ಲ ಮೊದಲು ಅಲ್ಲಿ ಕೂತು ನೆನೆಯುತ್ತದೆ, ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯುತ್ತದೆ. ಬೆಳಗ್ಗೆ ಮುಟ್ಟಿದರೆ ಚಪ್ಪಟೆ ಇರಬೇಕು. ಇದು ತುಂಬಿಕೊಂಡೇ ಇದೆ. ಹುಲ್ಲು. ಒಳಗೆ ಹೆಣೆದುಕೊಂಡು ಕೂತಿದೆ.

ಪೈಪ್ ಕಟ್ಟಿಕೊಂಡಿದೆ, ಅಷ್ಟೇ ತಾನೇ. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಮಿರಾನ್‌ಗೆ ಮಾತ್ರ ಹೇಳಿದೆ. ಎಣ್ಣೆ ನಾಲ್ಕು ಹನಿ ಬಾಯಿಗೆ ಬಿಟ್ಟು ಮೆಲ್ಲಗೆ ತಿಕ್ಕಿ ಅಂದಳು. ಅಮ್ಮನಿಗೆ ಹೇಳೋಣವಾ ಅಂತಲೂ ಕೇಳಿದಳು. ಬೇಡ ಅಂದೆ. ಈಗ ತಾನೇ ನಗುತ್ತಿದ್ದಾರೆ, ಎರಡು ದಿನದಲ್ಲಿ ಸರಿಮಾಡುತ್ತೇನೆ.

ಮಡಿಲಲ್ಲಿ ಕೂರಿಸಿಕೊಂಡು ತಿಕ್ಕಿದೆ. ಮೊದಲು ಕೊಸರಿದಳು, ಆಮೇಲೆ ಕಣ್ಣು ಮುಚ್ಚಿದಳು. ಇಷ್ಟು ಬಿಸಿ ಇರುತ್ತದೆ ಕೋಳಿಯ ಮೈ ಅಂತ ಗೊತ್ತಿರಲಿಲ್ಲ.

ಸೆಪ್ಟೆಂಬರ್ 13

ಉಂಡೆ ಹಾಗೇ ಇದೆ. ಕದಲುವುದಿಲ್ಲ.

ಮಧ್ಯಾಹ್ನ ನನಗೇ ಹೊಟ್ಟೆ ಭಾರವಾಗಿ ಅಡುಗೆಮನೆ ಶೆಲ್ಫಿಗೆ ಕೈ ಹಾಕಿದೆ. ಆಗ ತಲೆಗೆ ಹೊಳೆಯಿತು. ಮೇಶಿಲ್ ಪಾಕ! ನಮ್ಮ ಹಿತ್ತಲಿನ ಮರದ ಹುಳಿಕಾಯಿ, ಸಮಸಮ ಸಕ್ಕರೆ, ಜಾಡಿಯಲ್ಲಿ ವರ್ಷಗಟ್ಟಲೆ. ಈ ಹೊಳೆದಂಡೆಯಲ್ಲಿ ಅಜೀರ್ಣ ಅಂದರೆ ಅದೇ ಮದ್ದು. ಮಿರಾನ್ ಬಸುರಿಯಾಗಿದ್ದಾಗ ಅದು, ನಾನು ಹಂದಿಮಾಂಸ ಜಾಸ್ತಿ ತಿಂದಾಗ ಅದು, ಮಾ ಅಣ್ಣನ ಕರುವಿಗೆ ಹೊಟ್ಟೆಯುಬ್ಬರ ಬಂದಾಗಲೂ ಅತ್ತೆ ಅದನ್ನೇ ಕುಡಿಸಿದ್ದರು. ಯಾಕೆ ಮೊದಲೇ ಹೊಳೆಯಲಿಲ್ಲ?

ಸಣ್ಣ ಬಾಟಲಿ ಖಾಲಿ. ಮೇಲಿನ ಶೆಲ್ಫಿನಲ್ಲಿ ದೊಡ್ಡ ಗಾಜಿನ ಜಾಡಿ, ಅತ್ತೆಯ ಅತಿ ಹಳೆಯ ಪಾಕ, ಬಾಯಿಗೆ ಬಟ್ಟೆ ಸುತ್ತಿ ನೂಲು ಬಿಗಿದದ್ದು. ಅದನ್ನು ಅವರು ಬಿಟ್ಟು ಯಾರೂ ಬಿಚ್ಚುವಂತಿಲ್ಲ. ಗಂಟು ಬಿಚ್ಚಲು ಬರಲಿಲ್ಲ. ಕತ್ತರಿಸಿದೆ. ಸಿರಿಂಜಿನಲ್ಲಿ ಎಳೆದು, ಸ್ವಲ್ಪ ನೀರು ಬೆರೆಸಿ, ಕೊಕ್ಕಿನ ಪಕ್ಕದಿಂದ ಬಿಟ್ಟೆ. ಚಪ್ಪರಿಸಿದಳು. ಸಿಹಿ ಅಲ್ಲವಾ. ಸಂಜೆಯೊಳಗೆ ಮೂರು ಸಲ ಕೊಟ್ಟೆ. ನೂಲು ಸಿಗಲಿಲ್ಲ, ಜಾಡಿಯ ಬಟ್ಟೆಗೆ ಗ್ಯಾರೇಜಿನ ತಂತಿ ಸುತ್ತಿ ತಿರುಚಿ ಇಟ್ಟೆ.

ಸೆಪ್ಟೆಂಬರ್ 14

ಮೆತ್ತಗಾಗಿದೆ. ಕಲ್ಲಿನ ಹಾಗಿದ್ದದ್ದು ಹಿಟ್ಟಿನ ಹಾಗೆ ಆಗಿದೆ. ಕುಣಿಯಬೇಕು ಅನ್ನಿಸಿತು. ಇವತ್ತೂ ನಾಲ್ಕು ಸಲ ಪಾಕ ಕೊಟ್ಟೆ, ನೀರು ಕಡಿಮೆ ಮಾಡಿ ಇನ್ನೂ ಸ್ವಲ್ಪ ಗಟ್ಟಿಯಾಗಿಯೇ.

ಅತ್ತೆಯ ಫೋನ್‌ಗೆ ಒಂದು ಸಲ ಕೊರ್ ಅಂದಳು. ಒಂದೇ ಸಲ. ದನಿ ಸಣ್ಣಗಾಗಿದೆಯಲ್ಲ ಅಂದರು ಅತ್ತೆ. ಪುಕ್ಕ ಉದುರುವ ಕಾಲ ಅಲ್ಲವಾ, ಮಂಕಾಗಿದ್ದಾಳೆ ಅಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ.

ಹೇಗೂ ಗುಣವಾಗುತ್ತಿದ್ದಾಳೆ. ಆಮೇಲೆ ಎಲ್ಲ ಹೇಳಿದರಾಯಿತು, ನನ್ನ ಕೈಚಳಕವನ್ನೂ ಸೇರಿಸಿ.

ಸೆಪ್ಟೆಂಬರ್ 16, ಬೆಳಗ್ಗೆ

ಏನೋ ತಪ್ಪಾಗಿದೆ. ಚೀಲ ನೀರು ತುಂಬಿದ ಬಲೂನಿನ ಹಾಗೆ ಜೋತುಬಿದ್ದಿದೆ. ಮುಟ್ಟಿದರೆ ಗುಳುಗುಳು. ತಲೆ ಒದರುತ್ತಾಳೆ, ಕೊಕ್ಕಿನಿಂದ ನೀರು ಚಿಮ್ಮುತ್ತದೆ. ವಾಸನೆ... ಕೆಟ್ಟುಹೋದ ಅಕ್ಕಿ ಹೆಂಡದ ವಾಸನೆ. ಅಂಗೈ ತೊಳೆದರೂ ಹೋಗುತ್ತಿಲ್ಲ.

ತಲೆಕೆಳಗು ಹಿಡಿದು ಹಿಂಡಿ ಅನ್ನುತ್ತಾನೆ ಒಬ್ಬ ವಿಡಿಯೋದವನು. ಹಾಗೆ ಮಾಡಿದರೆ ಶ್ವಾಸಕೋಶಕ್ಕೆ ನುಗ್ಗಿ ಅಲ್ಲೇ ಸಾಯುತ್ತದೆ ಅನ್ನುತ್ತಾನೆ ಇನ್ನೊಬ್ಬ. ಗ್ಯಾರೇಜು ಮುಚ್ಚಿದೆ. ಸೇಬಿನ ಡಬ್ಬದಲ್ಲಿ ಟವೆಲ್ ಹಾಸಿದೆ. ಸುಂಚೊನ್‌ಗೆ ಹೊರಟೆ.

ಸಂಜೆ

ಪ್ರಾಣಿ ಡಾಕ್ಟರ್ ನಾಮ್, ಚಿಕ್ಕ ವಯಸ್ಸಿನ ಹೆಂಗಸು. ಕಾಯುವ ಕೋಣೆಯ ತುಂಬ ಬೆಕ್ಕುಗಳು, ಎಲ್ಲ ನನ್ನ ಡಬ್ಬವನ್ನೇ ನೋಡುತ್ತಿದ್ದವು. ಕೋಳಿ ಅಂತ ಮುಖ ಸಿಂಡರಿಸಲಿಲ್ಲ ಆಕೆ. ಚೀಲ ಮುಟ್ಟಿದರು, ಕೊಕ್ಕಿನ ಹತ್ತಿರ ಮೂಗು ತಂದರು, ಏನೇನು ಕೊಟ್ಟಿರಿ ಅಂತ ಕೇಳಿದರು. ನೀರು, ಎಣ್ಣೆ, ಮೇಶಿಲ್ ಪಾಕ ಅಂದೆ. ಎಷ್ಟು ಅಂದರು. ಹೇಳಿದೆ. ಪೆನ್ ಕೆಳಗಿಟ್ಟರು.

'ನಮ್ಮಜ್ಜೀನೂ ನಾಯಿಗೆ ಅದನ್ನೇ ಕೊಡ್ತಾರೆ' ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹುಲ್ಲು ಕೆಳಗೆ ಇಳಿಯದೆ ಅಡ್ಡ ಕೂತಿದೆ. ಅದರ ಮೇಲೆ ಸಕ್ಕರೆ ಪಾಕ ನಿಂತು ಹುಳಿಯೆದ್ದಿದೆ. ಬೂಷ್ಟು ಬೆಳೆದಿದೆ, ಸಿಹಿ ಸಿಕ್ಕಷ್ಟೂ ಬೆಳೆಯುತ್ತದೆ. ಮೆತ್ತಗಾದದ್ದು ಗುಣವಾಗಿ ಅಲ್ಲ, ಕೊಳೆತು. ಬೂಷ್ಟಿಗೆ ಔಷಧ ಕೊಟ್ಟಿದ್ದಾರೆ. ಕಾಳು ಇಲ್ಲ, ಸಿಹಿ ಇಲ್ಲ, ನೀರು ಮಾತ್ರ. ಮೊದಲ ದಿನವೇ ತಂದಿದ್ದರೆ ಚೀಲ ಕೊಯ್ದು ಹುಲ್ಲು ತೆಗೆದುಬಿಡುತ್ತಿದ್ದೆ, ಆಗ ಇವಳಿಗೆ ಶಕ್ತಿ ಇತ್ತು ಅಂದರು. ಈಗ ಸ್ವಲ್ಪ ಚೇತರಿಸಿಕೊಳ್ಳಲಿ, ಮಂಗಳವಾರ ನೋಡೋಣ.

ವಾಪಸ್ ಬರುವ ದಾರಿ ಅತ್ತೆಯ ಆಸ್ಪತ್ರೆಯ ಮುಂದೆಯೇ. ಕೆಂಪು ದೀಪಕ್ಕೆ ನಿಂತೆ. ಐದನೇ ಮಹಡಿಯ ಕಿಟಕಿ ಎಣಿಸಿದೆ. ಪಕ್ಕದ ಸೀಟಿನ ಡಬ್ಬದಲ್ಲಿ ಅವಳು. ಮೇಲೆ ಹೋಗಿ ಹೇಳಿಬಿಡಬೇಕಿತ್ತು. ಹಸಿರು ಬಂತು, ಹಿಂದಿನವನು ಹಾರ್ನ್ ಹೊಡೆದ. ಹೊರಟುಬಂದೆ.

ಸೆಪ್ಟೆಂಬರ್ 17

ಗೂಡು ತೊಳೆಯುವಾಗ ಸಿಕ್ಕಿತು. ಗೋಡೆಗೆ ಒರಗಿಸಿಟ್ಟ ಸವೆದ ಮರದ ಹಲಗೆ, ಒಂದು ಮೊಂಡು ಕತ್ತಿ. ಹಲಗೆಯ ಮೇಲೆ ಒಣಗಿದ ಹಸಿರು ಚೂರುಗಳು, ಉಗುರಿನಷ್ಟು ಸಣ್ಣವು. ಅತ್ತೆ ಸೊಪ್ಪು ಹುಲ್ಲು ಎಲ್ಲ ಹೆಚ್ಚಿ ಹಾಕುತ್ತಿದ್ದರು. ದಿನಾ ಬೆಳಗ್ಗೆ ಆ ಟಕಟಕ ಸದ್ದು ಕೇಳಿದ್ದೇನೆ ನಾನು. ಕಿಮ್ಚಿಗೆ ಮೂಲಂಗಿ ಹೆಚ್ಚುತ್ತಿದ್ದಾರೆ ಅಂದುಕೊಂಡು ಮಗ್ಗಲು ಬದಲಿಸಿದ್ದೇನೆ. ಒಂದು ಮನೆಯಲ್ಲಿ ಇಷ್ಟು ವರ್ಷ ಇದ್ದು ಏನು ನೋಡಿದೆ ನಾನು?

ಸೆಪ್ಟೆಂಬರ್ 19

ಕೊಯ್ದರು. ಕಾಲು ಹಿಡಿದುಕೊಳ್ಳಿ ಅಂದರು, ಹಿಡಿದುಕೊಂಡೆ. ಸಣ್ಣ ಸೀಳು. ಚಿಮಟದಿಂದ ಎಳೆದಂತೆಲ್ಲ ಬರುತ್ತಲೇ ಇತ್ತು ಹುಲ್ಲು, ಹೊಸೆದ ಹಗ್ಗದ ಹಾಗೆ. ಮಾವನ ಗೋರಿಯ ಹುಲ್ಲು. ಒಳಗೆ ತೊಳೆದು, ಎರಡು ಪದರ ಹೊಲಿದರು.

ಮನೆಗೆ ಬಂದು ಎರಡು ಗುಟುಕು ನೀರು ಕುಡಿದಳು. ಮೂಳೆಯೇ ಕೈಗೆ ಸಿಗುತ್ತದೆ, ಪುಕ್ಕ ಬಿಟ್ಟರೆ ಏನೂ ಉಳಿದಿಲ್ಲ. ಆದರೂ ಸಂಜೆ ಅಡುಗೆಮನೆ ಬಾಗಿಲ ತನಕ ನಡೆದು ಬಂದಳು. ಒಂದೇ ಸಲ ಕುಟ್ಟಿದಳು. ನಾನು ಒಳಗಿಂದ ಓಡಿಬಂದು ಬಾಗಿಲು ತೆಗೆದೆ. ಈ ಸಲ ನನ್ನ ಹಿಂದೆ ಯಾರಿದ್ದಾರೆ ಅಂತ ನೋಡಲಿಲ್ಲ. ನನ್ನನ್ನೇ ನೋಡಿದಳು.

ಸೆಪ್ಟೆಂಬರ್ 22

ಬೆಳಗ್ಗೆ ಸುಂದೊಕ್‌ಳನ್ನು ಮೇಶಿಲ್ ಮರದ ಬುಡದಲ್ಲಿ ಮಣ್ಣು ಮಾಡಿದೆ. ಅತ್ತೆಯ ಹೂವಿನ ಪ್ಯಾಂಟಿನ ಹಳೇ ಬಟ್ಟೆಯಲ್ಲಿ ಸುತ್ತಿ. ಆ ಹೂಗಳನ್ನೇ ಹುಳ ಅಂತ ಕುಟುಕುತ್ತಿದ್ದಳು.

ಅತ್ತೆಯ ಫೋನ್ ಬಂತು. ಎತ್ತಲಿಲ್ಲ.

ಸೆಪ್ಟೆಂಬರ್ 23

ಮಿರಾನ್ ಅತ್ತಳು. ಆಮೇಲೆ, ಅಮ್ಮನಿಗೆ ಹೇಳಿ ಅಂದಳು. ಹೇಳುತ್ತೇನೆ ಅಂದೆ. ಆಮೇಲೆ ನನ್ನ ಆಲೋಚನೆ ಹೇಳಿದೆ. ನಾಳೆ ಹಾದೊಂಗ್ ಸಂತೆ, ಇಂಥದ್ದೇ ಒಂದು ಕೋಳಿ ಸಿಗುತ್ತದೆ. ಕಂದು ಮೈ, ಕತ್ತಿನಲ್ಲಿ ಕಪ್ಪು ಚುಕ್ಕೆ, ಎಡಕ್ಕೆ ಬಾಗಿದ ಜುಟ್ಟು. ವಾಕರ್ ಹಿಡಿದು ಹಬ್ಬಕ್ಕೆ ಮನೆಗೆ ಬರುವವರಿಗೆ ಖಾಲಿ ಗೂಡು ತೋರಿಸುವುದಾ? ಕಾಲು ಗಟ್ಟಿಯಾಗಲಿ, ಆಮೇಲೆ ನಿಧಾನಕ್ಕೆ...

'ರೀ, ನಮ್ಮಮ್ಮಂಗೆ ಕೋಳಿ ಮುಖ ಗೊತ್ತಾಗಲ್ಲ ಅಂದ್ಕೊಂಡಿದೀರಾ?' ಅಂದಳು. 'ನಿಮ್ ಮುಖ ಬೇಕಾದ್ರೆ ಮರೀತಾರೆ.'

ಮೇಶಿಲ್ ಪಾಕದ ವಿಷಯ ಅವಳಿಗೂ ಗೊತ್ತು. ಅದನ್ನಂತೂ ಅಮ್ಮನಿಗೆ ಹೇಳಬೇಡಿ ಅಂದಳು, ನಾನು ಕೇಳುವ ಮೊದಲೇ. ಆ ಮರ ನೆಟ್ಟದ್ದು ಅವಳ ಅಪ್ಪ.

ಸೆಪ್ಟೆಂಬರ್ 24

ಕೋಳಿ ಮಾರುವ ಮುದುಕ ಎಲ್ಲ ಪಂಜರ ತೆರೆದು ತೋರಿಸಿದ. ನಾನು ಫೋನಿನಲ್ಲಿ ಫೋಟೋ ಹಿಡಿದು ಒಂದೊಂದನ್ನೇ ಹೋಲಿಸಿದೆ. ಪಕ್ಕದಲ್ಲಿ ಮೀನು ಮಾರುವವಳಿಗೆ ಅವನು ಹೇಳಿದ, 'ನೋಡವ್ವ, ಈ ಯಪ್ಪ ಹೆಣ್ಣು ನೋಡೋಕೆ ಬಂದಂಗೆ ಕೋಳಿ ನೋಡ್ತಾವ್ನೆ.' ನಗಲಿಕ್ಕಾಗಲಿಲ್ಲ.

ಬಣ್ಣ ಹೊಂದಿತು, ಚುಕ್ಕೆ ಹೊಂದಿತು. ಜುಟ್ಟು ನೆಟ್ಟಗಿದೆ. ವಯಸ್ಸು ಒಂದು ವರ್ಷವೂ ಆಗಿಲ್ಲ. ಆದರೂ ಕೊಂಡು ತಂದೆ.

ಸಂಜೆ ಅತ್ತೆಗೆ ಫೋನಿನಲ್ಲಿ ಇದರ ದನಿ ಕೇಳಿಸಿದೆ. ಜೋರಾಗಿ ಕೂಗುತ್ತದೆ ಇದು, ಯಾರಿಗೂ ದೂರು ಹೇಳುವುದಿಲ್ಲ. ಅತ್ತೆ ಹೂಂ ಅನ್ನಲಿಲ್ಲ, ಹೌದಾ ಅನ್ನಲಿಲ್ಲ. ಕೊನೆಗೆ, ಗಂಟಲು ಬದಲಾಗಿದೆ ಅಂದರು. ಹೊಸ ಪುಕ್ಕ ಬಂದಿದೆಯಲ್ಲ ಅತ್ತೆ ಅಂದೆ. ಫೋನ್ ಇಟ್ಟರು.

ಸೆಪ್ಟೆಂಬರ್ 27

ಬಂದರು. ಕಾರಿನಿಂದ ಇಳಿಸಿ ಮನೆ ಮುಂದಿನ ಮರದ ಜಗುಲಿಯ ಮೇಲೆ ಕೂರಿಸಿದೆ. ಒಳಗೆ ಹೋಗುವ ಮೊದಲೇ ಒಂದು ಹಿಡಿ ಕಾಳು ಕೇಳಿದರು. ಅಂಗಳಕ್ಕೆ ಎರಚಿ 'ಕೂ ಕೂ ಕೂ' ಅಂದರು. ಕೋಳಿ ಬಂತು, ಕಾಳು ತಿಂದಿತು. ಅತ್ತೆ ಕೈ ಚಾಚಿದರು. ಹಾರಿ ಬೇಲಿ ಪಕ್ಕ ನಿಂತಿತು.

ಅತ್ತೆ ಅದನ್ನೇ ನೋಡುತ್ತಾ ಕೂತರು. ಹೂವಿನ ಪ್ಯಾಂಟಿನ ಮೇಲೆ ಕೈ ಇತ್ತು, ಮೊಣಕಾಲಿನ ಹತ್ತಿರ, ಸುಂದೊಕ್ ಕುಟುಕುತ್ತಿದ್ದ ಜಾಗದಲ್ಲಿ. ಮಿರಾನ್ ಬ್ಯಾಗ್ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ನಾನು ಹೋಗುವುದೆಲ್ಲಿಗೆ?

'ಚೆನ್ನಾಗ್ ನೋಡ್ಕೊಂಡಿದೀರ ಅಳಿಯಂದ್ರೆ' ಅಂದರು. 'ನೀವೇ ಇಳಿದೋಗಿದೀರ.'

ಅಷ್ಟೇ. ನಂಬಿದರಾ? ನಂಬಲಿ ಅಂತಲೇ ಮಾಡಿದ್ದು, ನಂಬಿದರೆ ಅದೂ ಸಹಿಸಲಾಗದು. ಇಡೀ ಸಂಜೆ ಮುಖ ತಪ್ಪಿಸಿ ಓಡಾಡಿದೆ.

ಸೆಪ್ಟೆಂಬರ್ 28, ಹಬ್ಬದ ಹಿಂದಿನ ದಿನ

ಮಿರಾನ್ ಅಕ್ಕಿ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ಅತ್ತೆ ನನ್ನನ್ನು ಕರೆದು, ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅಂದರು. ಕಾಯಿಸಿದೆ. ಆ ಕೋಳಿ ಹಿಡಿದು ಕೊಡಿ ಅಂದರು.

ಯಾಕೆ ಅಂದೆ.

'ಅಳಿಯಂಗೆ ಕೋಳಿ ಕೊಯ್ಯೋಕೆ' ಅಂದರು.

ಮಣೆಯ ಮೇಲೆ ಕೂತು, ವಾಕರ್ ಪಕ್ಕಕ್ಕಿಟ್ಟು, ತಾವೇ ಕೊಯ್ದರು. ಕೈ ತಡವರಿಸಲಿಲ್ಲ. ಪುಕ್ಕ ಕಿತ್ತರು, ಒಡಲು ತೆಗೆದರು. ಮೇವಿನ ಚೀಲ ಕಿತ್ತು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ಬಿಸಾಡಿದರು. ಅದರಲ್ಲಿ ಬೆಳಗಿನ ಕಾಳು ಇತ್ತು.

ಸುಂದೊಕ್‌ಳ ಕತ್ತಿಗೆ ಕತ್ತಿ ಹಿಡಿಯುವವರಲ್ಲ ಅತ್ತೆ. ಭೂಮಿ ತಲೆಕೆಳಗಾದರೂ ಹಿಡಿಯುವವರಲ್ಲ. ಎಲ್ಲ ಗೊತ್ತಿದೆ ಅವರಿಗೆ. ಫೋನಿನಲ್ಲಿ ದನಿ ಕೇಳಿದ ದಿನದಿಂದಲೇ ಗೊತ್ತಿರಬೇಕು. ಮಿರಾನ್ ಹೇಳಿದ್ದೇ ಸರಿ. ನಾಚಿಕೆಯಿಂದ ನೆಲ ನೋಡುತ್ತಾ ಪುಕ್ಕ ಗುಡಿಸಿದೆ.

ಸೆಪ್ಟೆಂಬರ್ 29, ಚುಸೊಕ್, ಮಧ್ಯಾಹ್ನ

ಮಾವನಿಗೆ ಎಡೆ ಇಟ್ಟಾಯಿತು. ಹೊಸ ಅಕ್ಕಿಯ ಅನ್ನ, ಕಡುಬು, ಮೀನು, ಪೇರ್ ಹಣ್ಣು. ನಾನೇ ನಮಸ್ಕಾರ ಮಾಡಿದೆ, ಅತ್ತೆಗೆ ಬಗ್ಗಲು ಆಗುವುದಿಲ್ಲ.

ಆಮೇಲೆ ಊಟ. ಬೆಳ್ಳುಳ್ಳಿ ಹಾಕಿ ಬೇಯಿಸಿದ ಕೋಳಿ, ಮಡಕೆ ಸಮೇತ ನನ್ನ ಮುಂದೆ. ಅತ್ತೆ ಕೈಯಲ್ಲೇ ತೊಡೆ ಮುರಿದು ನನ್ನ ಬಟ್ಟಲಿಗೆ ಹಾಕಿದರು. ಇನ್ನೊಂದು ತೊಡೆ ಮಿರಾನ್‌ಗೆ ಅಂದುಕೊಂಡೆ. ಅದೂ ನನಗೇ.

'ತಡ ಆಯ್ತು ಅಳಿಯಂದ್ರೆ. ಆವತ್ತು ಕೈ ಬರ್ಲಿಲ್ಲ ನಂಗೆ. ನಿಮ್ ಮಾವ ಹೋಗಿ ಆರು ತಿಂಗ್ಳಾಗಿತ್ತು, ಇವ್ಳು ಫ್ಯಾಕ್ಟರಿ ಹಾಸ್ಟೆಲ್ಲಲ್ಲಿ. ಮನೇಲಿ ನನ್ ಜೊತೆ ಮಾತಾಡ್ತಿದ್ದಿದ್ದು ಆ ಕೋಳಿ ಒಂದೇ. ನೀವು ಬೇಜಾರ್ ಮಾಡ್ಕೊಂಡಿದ್ರಿ. ಗೊತ್ತಿತ್ತು.'

ಗ್ರೀಸ್ ಅಲ್ಲ. ನನ್ನ ಉಗುರೂ ಅಲ್ಲ. ಇಷ್ಟು ವರ್ಷ ನಾನು ಒಳಗೊಳಗೇ ಸಾಕಿಕೊಂಡು ಬಂದ ಅವಮಾನ ಅವರು ಮಾಡಿದ್ದೇ ಅಲ್ಲ. ಎರಡನೇ ತೊಡೆಯನ್ನೂ ಕೈಗೆತ್ತಿಕೊಂಡೆ.

'ಸುಂದೊಕ್ ಎಲ್ಲಿದಾಳೆ?' ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ.

ಮೇಶಿಲ್ ಮರದ ಬುಡದಲ್ಲಿ ಅಂದೆ. ಏನಾಗಿತ್ತು ಅಂತ ಕೇಳಿದರು. ಹೇಳಿದೆ. ಗೋರಿಯ ಹುಲ್ಲು, ಹೆಚ್ಚದೆ ಹಾಕಿದ್ದು, ಚೀಲ ಕಟ್ಟಿಕೊಂಡಿದ್ದು, ಡಾಕ್ಟರು ಕೊಯ್ದದ್ದು, ಕೊನೆಯ ಸಲ ಬಾಗಿಲು ಕುಟ್ಟಿದ್ದು. ಎಲ್ಲ ಹೇಳಿದೆ, ಒಂದನ್ನು ಬಿಟ್ಟು. ಅತ್ತೆ ತಲೆದೂಗುತ್ತಾ ಕೇಳಿದರು. ಹುಲ್ಲು ಹೆಚ್ಚಿ ಹಾಕಬೇಕು ಅಂತ ನಾನೇ ಹೇಳಬೇಕಿತ್ತು, ಫೋನಿನಲ್ಲಿ ನಗುತ್ತಾ ಕೂತೆ ಅಂದರು.

ಆಮೇಲೆ ಕೇಳಿದರು, 'ನನ್ ಮೇಶಿಲ್ ಕೊಡ್ಬಾರ್ದಿತ್ತಾ? ಎರಡೇ ಚಮಚ. ಇಳಿದುಬಿಡ್ತಿತ್ತು.'

ಮಿರಾನ್‌ಳ ಕೈಯಲ್ಲಿ ಊಟದ ಕಡ್ಡಿಗಳು ನಿಂತವು. ಬಾಯಿ ತೆರೆಯಲು ಹೋದಳು. ಮೇಜಿನಡಿ ಮೊಣಕಾಲು ತಾಗಿಸಿದೆ.

'ಹೊಳೀಲಿಲ್ಲ ಅತ್ತೆ' ಅಂದೆ.

'ತಲೆ ತುಂಬ ಬರೀ ಟ್ರ್ಯಾಕ್ಟರ್ರು' ಅಂದರು. ಆಗ ಅತ್ತರು. ಬಂದಾಗಿನಿಂದ ಅತ್ತಿರಲಿಲ್ಲ, ಕೊಡದೇ ಹೋದ ಆ ಎರಡು ಚಮಚಕ್ಕೆ ಅತ್ತರು.

ನಿಜ ಹೇಳಿದರೆ ಅವರ ಕೈಯ ಪಾಕವೇ ಕೊಂದಿತು ಅಂತ ಆಗುತ್ತದೆ. ಹೇಳದಿದ್ದರೆ ನನ್ನ ದಡ್ಡತನ ಕೊಂದಿತು ಅಂತ ಆಗುತ್ತದೆ. ಎರಡನೆಯದೇ ಇರಲಿ. ಇಷ್ಟು ದಿನ ಹೇಳಿದ್ದೆಲ್ಲ ನನ್ನನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳು. ಇದೊಂದು ಹಾಗಲ್ಲ.

ಅದೇ ದಿನ, ನಾಲ್ಕು ಗಂಟೆ

ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎರಡೂ ತೊಡೆ ತಿಂದು ಹೊಟ್ಟೆ ಕಲ್ಲಾಗಿದೆ. ಎದೆ ಉಜ್ಜಿಕೊಳ್ಳುವುದನ್ನು ಅತ್ತೆ ನೋಡಿದರು. ಸುಮ್ಮನೆ ಕೂತಿರಿ, ಅರಗುವುದಕ್ಕೆ ಕಲಸಿ ಕೊಡುತ್ತೇನೆ ಅಂತ ವಾಕರ್ ಹಿಡಿದು ಅಡುಗೆಮನೆಗೆ ಹೋದರು. ನಾನು ತರುತ್ತೇನೆ ಅಂದರೆ ಕೇಳಲಿಲ್ಲ. ಮಿರಾನ್ ಕೈಲಿ ದೊಡ್ಡ ಜಾಡಿಯನ್ನೇ ಇಳಿಸಿಕೊಂಡರು. ಹಬ್ಬ ಅಲ್ಲವಾ, ಹಳೆಯದು ತೆಗೆಯೋಣ ಅಂದದ್ದು ಕೇಳಿಸಿತು.

ತಂತಿ.

ಮರೆತೇಬಿಟ್ಟಿದ್ದೆ. ನೂಲಿನ ಜಾಗದಲ್ಲಿ ಗ್ಯಾರೇಜಿನ ತಂತಿ, ಇಕ್ಕುಳದಲ್ಲಿ ಮೂರು ಸುತ್ತು ತಿರುಚಿದ್ದು. ಈ ಊರಲ್ಲಿ ಹಾಗೆ ತಿರುಚುವವನು ನಾನೊಬ್ಬನೇ.

ಬಾಗಿಲಿನಿಂದ ಕಾಣುತ್ತಿದೆ. ಅತ್ತೆ ಜಾಡಿಯನ್ನು ಬೆಳಕಿನ ಕಡೆ ತಿರುಗಿಸಿ ಪಾಕ ಎಲ್ಲಿಯವರೆಗೆ ಇದೆ ಅಂತ ನೋಡಿದರು. ಈಗ ತಂತಿಯ ತುದಿಯ ಮೇಲೆ ಬೆರಳಿಟ್ಟು ನಿಂತಿದ್ದಾರೆ. ಬಿಚ್ಚುತ್ತಿಲ್ಲ. ಮಿರಾನ್ ಏನೋ ಹೇಳುತ್ತಿದ್ದಾಳೆ, ಅತ್ತೆ ಕೇಳಿಸಿಕೊಳ್ಳುತ್ತಿಲ್ಲ. ಏನಂತ ಹೇಳಲಿ? ನನಗೇ ಹೊಟ್ಟೆನೋವು ಬಂದಿತ್ತು, ನಾನೇ ಕುಡಿದೆ ಅಂತ... ಇತ್ತ ತಿರುಗಿದರು. ನನ್ನನ್ನೇ ನೋಡುತ್ತಿದ್ದಾರೆ. ಗೊತ್ತಾಗಿದೆ ಅವರಿಗೆ.